ಒಂಬತ್ತನೇ ಸಾಲು, ನಲವತ್ತೊಂದು

ಬಡದೇಶಗಳ ವ್ಯಾಪಾರದ ಬಗ್ಗೆ ಗ್ರಂಥ ಬರೆಯುವವರು ಶ್ರೀಮಂತ ದೇಶದವರು; ಅವರಿಗಾಗಿ ಬಜಾರು ಅಲೆದು ಮಾಹಿತಿ ತರುವವರು ಬಡದೇಶದವರು. ಇದು ನಿಮಗೂ ಗೊತ್ತು. ಗೊತ್ತಿಲ್ಲದವರ ಹಾಗೆ ಕೂತಿದ್ದೀರಿ, ಅಷ್ಟೆ.

ಕಿರ್ಗಿಸ್ತಾನದ ಬಿಷ್ಕೆಕ್‌ನ ಸಾಲ್ಕಿನ್ ಹಾಗೆ ಅಲೆದವರಲ್ಲಿ ಒಬ್ಬಳು. ವಿದ್ಯಾರ್ಥಿಗಳಿಗೂ ಬಜಾರಿನವರಿಗೂ ಆಕೆ ‘ಎಜೆ’, ಅಂದರೆ ಅಕ್ಕ. ಸೋವಿಯತ್ ಕಾಲದಲ್ಲಿ ರಾಜಕೀಯ ಅರ್ಥಶಾಸ್ತ್ರದಲ್ಲಿ ಪದವಿ ಪಡೆದು ಪಾಠಕ್ಕೆ ನಿಂತಳು. ಎರಡೇ ವರ್ಷಕ್ಕೆ ದೇಶ ಒಡೆಯಿತು. ಅಲ್ಲಿಯವರೆಗೆ ಕಲಿಸಿದ ಪುಸ್ತಕಗಳು ಸೂರ್ಯಕಾಂತಿ ಬೀಜ ಕಟ್ಟುವ ಪೊಟ್ಟಣಗಳಾದವು. ಸಂಬಳ ಬಾರದ ಆ ಚಳಿಗಾಲಗಳಲ್ಲಿ ಊರಾಚೆ, ಸರಕು ಸಾಗಿಸುವ ಕಬ್ಬಿಣದ ಕಂಟೇನರುಗಳನ್ನೇ ಸಾಲುಸಾಲು ಅಂಗಡಿ ಮಾಡಿಕೊಂಡ ಬಜಾರಿನಲ್ಲಿ, ಉಮ್ಸುನೈ ಎಂಬವಳ ಅಂಗಡಿ ಮುಂದೆ ನಿಂತು ಕಾಲುಚೀಲ ಮಾರಿದಳು. ಚೀನಾದ ಸರಕು ಇಲ್ಲಿ ಇಳಿದು, ಮೂಟೆ ಬದಲಾಯಿಸಿ, ಕಜಕಸ್ತಾನಕ್ಕೂ ರಷ್ಯಾಕ್ಕೂ ಹೋಗುತ್ತಿತ್ತು. ಯಾವ ದೇಶದ ಬಾಗಿಲನ್ನು ಯಾರು ತೆರೆಯುತ್ತಾರೆ, ಯಾರು ಯಾಕೆ ಮುಚ್ಚುತ್ತಾರೆ ಎಂಬುದನ್ನು ಆಕೆ ಕಲಿತದ್ದು ಅಲ್ಲಿಯೇ. ವಿಶ್ವವಿದ್ಯಾಲಯಕ್ಕೆ ಮರಳಿದ ಮೇಲೆ ಅದೇ ಆಕೆಯ ವಿಷಯವಾಯಿತು: ಅಂತರರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರ.

ನಿವೃತ್ತಿಗೆ ಮೂರು ವರ್ಷ ಉಳಿದಿದ್ದಾಗ ಪ್ರೊಫೆಸರ್ ಹುದ್ದೆ ಖಾಲಿಯಾಯಿತು. ಹೊರದೇಶದ ಮಾನ್ಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಬರಬೇಕು, ಅದೊಂದೇ ಕೊರತೆ. ಅದಕ್ಕೆ ನಾಲ್ಕು ವರ್ಷ ಮೊದಲೇ ಯುರೋಪಿನ ಹಾಲ್ವಿಗ್ ಎಂಬ ವಿದ್ವಾಂಸ ಜಂಟಿಯಾಗಿ ಬರೆಯೋಣ ಎಂದಿದ್ದ. ಆ ನಾಲ್ಕು ಚಳಿಗಾಲ ಆಕೆ ಕಂಟೇನರುಗಳಲ್ಲಿ ಕೂತು ಕೇಳಿಸಿಕೊಂಡಿದ್ದಳು. ಸುಂಕ ಇಳಿಸಲು ಗಡಿಯಲ್ಲಿ ಸರಕಿನ ಬದಲು ತೂಕವನ್ನಷ್ಟೇ ಬರೆಸುವುದು ಹೇಗೆ, ಅದಕ್ಕೆ ಯಾವ ಕೈ ಬೆಚ್ಚಗಾಗಬೇಕು ಎಂದೆಲ್ಲ ಹೆಂಗಸರು ಮುಚ್ಚುಮರೆಯಿಲ್ಲದೆ ಹೇಳಿದರು. ಅವರ ಹೆಸರುಗಳನ್ನು ತೆಗೆದು, ಕೋಷ್ಟಕದಲ್ಲಿ ಸಾಲಿನ ಸಂಖ್ಯೆ, ಕಂಟೇನರಿನ ಸಂಖ್ಯೆ ಮಾತ್ರ ಹಾಕಿದಳು. ಪ್ರಬಂಧ ಒಪ್ಪಿಗೆಯಾಯಿತು. ಅಚ್ಚಿನ ಕರಡು ಬಂದ ದಿನ, ಹೆಮ್ಮೆ ತಡೆಯಲಾರದೆ ಅದನ್ನು ಬಜಾರಿಗೇ ಒಯ್ದಳು.

ಉಮ್ಸುನೈ ಚಹಾ ಬಗ್ಗಿಸಿಟ್ಟು, ಕೋಷ್ಟಕದ ಮೇಲೆ ಬೆರಳಾಡಿಸಿದಳು. ಬೆರಳು ಒಂದು ಕಡೆ ನಿಂತಿತು.

“ಎಜೆ, ಇದು ನಾನಲ್ವಾ?”

“ಹೆಸರೆಲ್ಲಿ ಹಾಕಿದೀನಿ, ನೋಡು.”

“ನನ್ನ ಹೆಸರು ಇಲ್ಲಿ ಯಾರಿಗೆ ಗೊತ್ತು? ನನ್ನ ಗಂಡನ ಫೋನಲ್ಲೂ ಒಂಬತ್ತು-ನಲವತ್ತೊಂದು ಅಂತ್ಲೇ ಇರೋದು. ಗಡಿ ಸಾಹೇಬ್ರಿಗೆ ಇದೊಂದು ಹಾಳೆ ಸಿಕ್ರೆ ಸಾಕು, ನೆಟ್ಟಗೆ ಬಂದು ಚಹಾ ಕೇಳ್ತಾರೆ, ಆಮೇಲೆ ಅಂಗಡೀನೇ ಕೇಳ್ತಾರೆ.”

ಸಾಲ್ಕಿನ್ ಹಾಳೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ತಾನೇ ಇಷ್ಟು ವರ್ಷ ವಿದ್ಯಾರ್ಥಿಗಳನ್ನು ‘ಒಂಬತ್ತು-ನಲವತ್ತೊಂದರ ಹತ್ರ ಹೋಗಿ’ ಎಂದು ಕಳಿಸಿದ್ದಳು. ಬಜಾರಿನಲ್ಲಿ ಸಂಖ್ಯೆಯೇ ಮನುಷ್ಯರು ಎಂಬುದು ಬರೆಯುವ ಮೇಜಿನ ಮುಂದೆ ಕೂತಾಗ ಮಾತ್ರ ಮರೆತುಹೋಗಿತ್ತು.

ಸಂಖ್ಯೆಗಳನ್ನು ಬದಲಿಸಬೇಕೆಂದು ಹಾಲ್ವಿಗ್‌ಗೆ ಬರೆದಳು. ಉತ್ತರ ವಿನಯವಾಗಿಯೇ ಬಂತು. ಒಪ್ಪಿಸಿದ ಮೂಲ ಟಿಪ್ಪಣಿಗೂ ಕೋಷ್ಟಕಕ್ಕೂ ತಾಳೆಯಾಗಬೇಕು, ಈಗ ಕೈಹಾಕಿದರೆ ಪರಿಶೀಲನೆ ಮೊದಲಿನಿಂದ, ಹೆಸರಿಲ್ಲವಾದ್ದರಿಂದ ತಮ್ಮ ಸಂಶೋಧನಾ ನೈತಿಕತೆಯ ಸಮಿತಿ ಆಗಲೇ ಒಪ್ಪಿದೆ. ಆ ಸಮಿತಿಯವರಿಗೆ ಅಂಕಿ ಅಂದರೆ ಬರೀ ಅಂಕಿ.

ಮಾರನೆಯ ವಾರ ಉಮ್ಸುನೈ ತಾನಾಗಿಯೇ ಮಾತೆತ್ತಿದಳು. “ಆಗ್ಲಿ ಬಿಡಿ ಎಜೆ, ಅಚ್ಚು ಹಾಕ್ಸಿ. ಕಾಲುಚೀಲ ಮಾರ್ದೋರು ಪ್ರೊಫೆಸರ್ ಆಗೋದು ನಾವೂ ಒಂದ್ಸಲ ನೋಡ್ಬೇಡ್ವಾ? ನಾನು ಹೇಗೋ ನೋಡ್ಕೋತೀನಿ.”

“ನೋಡ್ಕೊಳ್ಳೋಕೆ ನಿನ್ನ ಹತ್ರ ಏನಿದೆ?” ಎಂದಳು ಸಾಲ್ಕಿನ್. ಇದ್ದದ್ದು ಒಂದು ಕಂಟೇನರು.

ಆ ಸಂಜೆಯೇ ಪ್ರಕಟಣೆಗೆ ಕೊಟ್ಟಿದ್ದ ತನ್ನ ಒಪ್ಪಿಗೆ ಹಿಂತೆಗೆದುಕೊಂಡಳು. ಆಕೆಯ ಸಹಿ ಇಲ್ಲದೆ ಆ ಮಾಹಿತಿ ಬಳಸುವಂತಿರಲಿಲ್ಲ. ಪ್ರಬಂಧ ಅಲ್ಲಿಗೇ ಬಿತ್ತು. ಹಾಲ್ವಿಗ್ ಮತ್ತೆ ಬರೆಯಲಿಲ್ಲ. ಆಯ್ಕೆಯ ದಿನ ಐದು ಜನ ಮೇಜಿನ ಆಚೆ ಕೂತು ಆಕೆಯ ಕಡತ ತಿರುವಿ, ಒಂದು ಪ್ರಬಂಧ ಕಡಿಮೆ ಬಿದ್ದಿದೆ ಎಂದರು. ‘ಹಿಂತೆಗೆದುಕೊಂಡದ್ದು’ ಎಂದು ಆಕೆಯೇ ಬರೆದಿದ್ದ ಸಾಲಿನ ಮೇಲೆ ಒಬ್ಬನ ಕಣ್ಣು ಒಂದು ಗಳಿಗೆ ನಿಂತು ಮುಂದೆ ಹೋಯಿತು. ಯಾಕೆ ಎಂದು ಒಬ್ಬನೂ ಕೇಳಲಿಲ್ಲ. ಹುದ್ದೆ ಬೇರೆಯವನಿಗೆ ಹೋಯಿತು.

ಅಂಥ ಮೇಜಿನ ಆಚೆ ನಾಳೆ ನೀವು ಕೂರುತ್ತೀರಿ. ಪ್ರಬಂಧ ಎಣಿಸುವ ಮೊದಲು ಬಾಯಿ ತೆರೆದು ಕೇಳಿ: ಬರೆದೂ ಅಚ್ಚಿಗೆ ಕೊಡದೆ ಬಿಟ್ಟದ್ದು ಯಾವುದು, ಯಾರಿಗೋಸ್ಕರ?