ಬಡಿಸುವವರ ಪಂಕ್ತಿ

ಕೈಬರಹ ಕಂಡರೆ ನನಗೆ ಸಿಟ್ಟು ನೆತ್ತಿಗೇರುತ್ತದೆ. ದರ್ಬೆ ಪೇಟೆಯಲ್ಲಿ ಹತ್ತೊಂಬತ್ತು ವರ್ಷದಿಂದ ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಬರುವುದೆಲ್ಲ ಕೋಳಿ ಕೆದಕಿದಂಥ ಅಕ್ಷರವೇ. ಗುತ್ತಿಗಾರಿನ ಕೌಸಲ್ಯಕ್ಕನ ನೋಟ್‌ಬುಕ್ ಮಾತ್ರ ಹಾಗಿರಲಿಲ್ಲ. ಮೂವತ್ತೊಂದು ವರ್ಷ ಅಂಗನವಾಡಿ ಟೀಚರ್ ಆಗಿದ್ದವರು, ಒಂದೊಂದು ಅಕ್ಷರವೂ ದುಂಡಗೆ ಇತ್ತು.

ಅವರ ಗಂಡ ಮೇದಪ್ಪಣ್ಣ. ಮದುವೆಯಿರಲಿ, ಉತ್ತರಕ್ರಿಯೆಯಿರಲಿ, ಆ ಕಡೆಯ ಊಟಕ್ಕೆಲ್ಲ ನಲವತ್ತು ವರ್ಷ ಬಡಿಸುವವರ ಯಜಮಾನ ಅವರೇ. ಆರು ವರ್ಷದ ಹಿಂದೆ ಒಂದು ಮದುವೆಯಲ್ಲಿ ಒಂದೇ ಸಾಲಿಗೆ ಮೂರು ಸಲ ಪಾಯಸ ಕಳಿಸಿದರು. ಜನ ನಕ್ಕರು. ಡಾಕ್ಟರು ನಗಲಿಲ್ಲ, ಡಿಮೆನ್ಶಿಯಾ ಎಂದರು. ಇಂಥವರನ್ನು ನೋಡಿಕೊಳ್ಳುವುದು ಹೇಗೆಂದು ಕೌಸಲ್ಯಕ್ಕ ಪುಸ್ತಕ ಹುಡುಕಿದರು. ತಮಗೆ ಅರ್ಥವಾಗುವಂಥದ್ದು ಕೈಗೆ ಸಿಗದಾಗ ತಾವೇ ಬರೆಯಲು ಕೂತರು.

ಒಳ್ಳೊಳ್ಳೆಯ ಮಾತುಗಳಿದ್ದವು. ಬಂದ ನೆಂಟರು ‘ನಾನು ಯಾರು ಹೇಳಿ ನೋಡುವ’ ಎಂದು ಪರೀಕ್ಷೆ ಮಾಡಬಾರದು, ತಮ್ಮ ಹೆಸರನ್ನು ತಾವೇ ಮೊದಲು ಹೇಳಬೇಕು ಎಂದು ಬರೆದಿದ್ದರು. ಟೈಪ್ ಮಾಡುವಾಗ ನನಗೇ ನಾಚಿಕೆಯಾಯಿತು, ನಾನೂ ಆ ಪರೀಕ್ಷೆ ಮಾಡಿದವಳೇ. ಆದರೆ ಉಳಿದದ್ದೆಲ್ಲ ಅಂಗನವಾಡಿ. ಚಪ್ಪಾಳೆ ತಟ್ಟಿ ಎಬ್ಬಿಸುವುದು, ಕುತ್ತಿಗೆಗೆ ಬಟ್ಟೆ ಕಟ್ಟಿ ಚಮಚದಲ್ಲಿ ಉಣ್ಣಿಸುವುದು. ‘ಹಠ’ ಎಂಬ ಒಂದು ಅಧ್ಯಾಯವೇ ಇತ್ತು. ಯಾಕೆಂದರೆ ಚಮಚದ ಊಟ ಶುರುವಾದ ಮೇಲೆ ಮೇದಪ್ಪಣ್ಣ ಊಟ ಬಿಟ್ಟಿದ್ದರು. ಚಮಚ ಹತ್ತಿರ ಬಂದರೆ ಬಾಯಿ ಬಿಗಿದುಕೊಳ್ಳುತ್ತಿದ್ದರು. ಎರಡು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದಿದ್ದರು. ಇನ್ನೂ ಇಳಿದರೆ ಮೂಗಿಗೆ ನಳಿಕೆ ಹಾಕಿ ಉಣ್ಣಿಸಬೇಕಾದೀತು ಎಂದು ಡಾಕ್ಟರು ಹೇಳಿದ್ದರು.

ಮುಖಪುಟ ನೋಡಲು ಗಂಡ ಹೆಂಡತಿ ಇಬ್ಬರೂ ಬಸ್ಸಿನಲ್ಲಿ ನನ್ನ ಅಂಗಡಿಗೆ ಬಂದರು. ಪುಸ್ತಕದ ಹೆಸರು ‘ನನ್ನ ಮನೆಯ ಮಗು’. ಇದು ಯಾರ ಪುಸ್ತಕ ಹೇಳಿ ನೋಡುವ ಎಂದು ಕೌಸಲ್ಯಕ್ಕ ಗಂಡನ ಮುಂದೆ ಚಪ್ಪಾಳೆ ತಟ್ಟಿದರು. ಪರೀಕ್ಷೆ ಮಾಡಬಾರದೆಂದು ಬರೆದವರೇ! ಮೇದಪ್ಪಣ್ಣ ಕಾಗದ ಹಿಡಿದು ನಿಧಾನಕ್ಕೆ ಓದಿದರು, ಓದು ಇನ್ನೂ ಉಳಿದಿತ್ತು.

“ನಾನು ಮಗು ಅಲ್ಲ,” ಎಂದರು. “ಮಗು ದಿನಾ ಒಂದೊಂದು ಕಲೀತದೆ. ನಂಗೆ ಗೊತ್ತಿದ್ದದ್ದು ಹೋಗ್ತಾ ಉಂಟು. ನೀನು ಚಪ್ಪಾಳೆ ತಟ್ಟುವಾಗ ನಂಗೆ ನಾಚಿಕೆ ಆಗ್ತದೆ, ಕೌಸಲ್ಯ.”

ಕೌಸಲ್ಯಕ್ಕ ಗಂಡನ ಕೈಯಿಂದ ಕಾಗದ ತೆಗೆದುಕೊಂಡು ಮಡಚಿ, ಕೆಲಸ ನಿಲ್ಲಿಸು ಎಂದು ನನಗೆ ಹೇಳಿದರು. ಪುಸ್ತಕ ಬಿಡುಗಡೆಯ ಆಮಂತ್ರಣ ಹಂಚಿ ಆಗಿತ್ತು, ಪ್ರೆಸ್ಸಿನವರು ಕಾಯುತ್ತಿದ್ದರು. ಹೆಸರೊಂದನ್ನು ಬದಲಿಸಿದರೆ ಸಾಕಲ್ಲ ಅಕ್ಕ ಎಂದು ನಾನು ಸಿಡುಕಿದೆ.

“ತಪ್ಪಿದ್ದು ಹೆಸರಲ್ಲ ಹರಿಣಾಕ್ಷಿ, ನಾನು,” ಎಂದರು.

ಮರುದಿನ ಮಧ್ಯಾಹ್ನ ಚಮಚ ಹಿಡಿಯಲು ಕೌಸಲ್ಯಕ್ಕನಿಗೆ ಕೈಯೇ ಬರಲಿಲ್ಲವಂತೆ. ಎರಡು ಎಲೆ ಹಾಕಿ, ಒಂದರ ಮುಂದೆ ತಾವು ಕೂತರು. ಮೇದಪ್ಪಣ್ಣ ಕೂರಲಿಲ್ಲ. ಅನ್ನದ ಪಾತ್ರೆ ಎತ್ತಿಕೊಂಡು ಬಂದು ಹೆಂಡತಿಯ ಎಲೆಗೆ ಬಡಿಸಿದರು. ಸಾರು ಅರ್ಧ ನೆಲಕ್ಕೆ ಹೋಯಿತು. ನೀವೂ ಕೂತುಕೊಳ್ಳಿ ಎಂದು ಕೌಸಲ್ಯಕ್ಕ ಹೇಳಿದ್ದಕ್ಕೆ ಮೇದಪ್ಪಣ್ಣನಿಗೆ ಆಶ್ಚರ್ಯ.

“ಬಡಿಸುವವ ಮೊದಲು ಕೂತ್ಕೊಳ್ಳುದುಂಟಾ?”

ಅಯ್ಯೋ ದೇವರೇ! ನಮ್ಮೂರಲ್ಲಿ ಯಾರಿಗೆ ಗೊತ್ತಿಲ್ಲ ಇದು? ಬಂದವರ ಊಟವೆಲ್ಲ ಆದ ಮೇಲೆಯೇ ಬಡಿಸುವವರ ಪಂಕ್ತಿ. ಹೆಂಡತಿ ಹಸಿದಿರುವಾಗ ಮೊದಲ ತುತ್ತನ್ನು ಬಡಿಸುವವನ ಬಾಯಿಗೆ ಹಿಡಿದರೆ ಮನುಷ್ಯ ಹೇಗೆ ತಿಂದಾರು? ಅದನ್ನು ನಾವು ಹಠ ಎಂದು ಅಚ್ಚು ಹಾಕಲು ಹೊರಟಿದ್ದೆವು. ಆ ದಿನ ಕೌಸಲ್ಯಕ್ಕ ಅಳುತ್ತಲೇ ಗಬಗಬನೆ ಉಂಡು ಎದ್ದರು. ಆಮೇಲೆ ಮೇದಪ್ಪಣ್ಣ ಕೂತು, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡರು.

ಪುಸ್ತಕವನ್ನು ಮೊದಲಿನಿಂದ ಬರೆದು ಮುಗಿಸಲು ಐದು ತಿಂಗಳು ಹಿಡಿಯಿತು. ಪ್ರತಿ ಪುಟವನ್ನೂ ಗಂಡನಿಗೆ ಓದಿ ಹೇಳಿದ ಮೇಲೆಯೇ ನನಗೆ ಕೊಡುತ್ತಿದ್ದರು. ಮೇದಪ್ಪಣ್ಣ ಬೇಡವೆಂದ ಪುಟಕ್ಕೆ ಅಡ್ಡಗೆರೆ. ಈಗ ಎರಡನೆಯ ಪುಸ್ತಕವೂ ನಡೆಯುತ್ತಿದೆ, ಮೊದಲನೆಯದನ್ನು ಓದಿ ಫೋನ್ ಮಾಡಿದವರ ಮನೆಗಳ ಕತೆ ಅದು. ಕಡಬದ ನೆಬೀಸ ಎಂಬವರು ಫೋನ್ ಮಾಡಿ, ಮರೆವಿನ ಅಪ್ಪ ಬೆಳಿಗ್ಗೆ ಆರಕ್ಕೇ ಬಾಗಿಲು ಬಡಿದು ಗಲಾಟೆ ಮಾಡುತ್ತಾರೆ ಎಂದು ಅತ್ತಿದ್ದರು. ಅವರು ಮೊದಲು ಎಂತ ಮಾಡ್ತಿದ್ದರು ಎಂದಷ್ಟೇ ಕೌಸಲ್ಯಕ್ಕ ಕೇಳಿದರು. ದಿನಾ ಆ ಹೊತ್ತಿಗೆ ಅಂಗಡಿ ತೆರೆಯುತ್ತಿದ್ದರಂತೆ. ಈಗ ಮನೆಯ ಬಾಗಿಲು ತೆರೆಯುವ ಕೆಲಸ ಅವರದ್ದು, ಮಗಳು ಅವರ ಜೊತೆ ಅಂಗಳದಲ್ಲಿ ಒಂದು ಸುತ್ತು ಹಾಕುತ್ತಾರೆ.

ಹೋದ ವಾರ ಪ್ರೂಫ್ ಕೊಡಲು ಗುತ್ತಿಗಾರಿಗೆ ಹೋಗಿದ್ದೆ. ಬುದ್ಧಿ ಬಂದಿದೆಯಲ್ಲ, ನನ್ನ ಹೆಸರು ನಾನೇ ಹೇಳಿದೆ. ಮೇದಪ್ಪಣ್ಣನಿಗೆ ಪರಿಚಯ ಸಿಕ್ಕಲಿಲ್ಲ, ಆದರೂ ಎಲೆ ಹಾಕಿದರು. ಮೊದಲು ತುದಿಗೆ ಉಪ್ಪು. ಪಾತ್ರೆ ಒಂದು ಕಡೆಗೆ ವಾಲುತ್ತಿತ್ತು, ನಾನು ಹಿಡಿಯಲು ಹೋಗಲಿಲ್ಲ. ನಾನೂ ಕೌಸಲ್ಯಕ್ಕನೂ ಉಂಡು ಎದ್ದ ಮೇಲೆ, ಎಲ್ಲರದ್ದೂ ಆಯ್ತಾ ಎಂದು ಬಾಗಿಲಿನವರೆಗೆ ಹೋಗಿ ನೋಡಿ ಬಂದರು.

“ಆಯ್ತು ಮೇದಪ್ಪಣ್ಣ,” ಎಂದೆ. “ಇನ್ನು ನೀವು ಕೂತ್ಕೊಳ್ಳಿ.”

ಅವರು ಕೂತರು. ಬಡಿಸಿದ್ದು ನಾನು.