ಸಾಸಿವೆ ಬಟ್ಟಲಲ್ಲಿದ್ದ ಹುಳದ ಮಾತ್ರೆ

ಇವತ್ತು ಬೆಳಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿದೆ, ಎರಡೆಳೆ ರಂಗೋಲಿ ಬಿಟ್ಟೆ, ಹಾಲು ಕಾಯಿಸಿದೆ. ಹಾಸಿಗೆಯ ಹೊದಿಕೆ, ದಿಂಬಿನ ಚೀಲ, ಟವೆಲ್ಲು, ಒಳಬಟ್ಟೆ ಎಲ್ಲವನ್ನೂ ಕುದಿಯುವ ನೀರಿನಲ್ಲಿ ನೆನೆಸಿ, ಒಗೆದು, ತಾರಸಿಯ ಬಿಸಿಲಿಗೆ ಹರವಿದೆ. ಪುಟ್ಟ ಇಂಚರಳ ಉಗುರು ಕತ್ತರಿಸಿದೆ. ಕತ್ತರಿಸಿದ್ದನ್ನು ಅವಳು ಎಣಿಸಿ ಹತ್ತೂ ಸರಿಯಾಗಿವೆ ಎಂದಳು. ಹುರುಳಿಕಾಳು ಬೇಯಲಿಟ್ಟು, ಡಾಕ್ಟರ ಚೀಟಿ ಹಿಡಿದುಕೊಂಡು ನಾಗರಬಾವಿ ಸರ್ಕಲ್ಲಿನ ಮೆಡಿಕಲ್ ಶಾಪಿಗೆ ಹೋಗಿ ಹುಳದ ಮಾತ್ರೆ ತಂದೆ. ಮನೆಯಲ್ಲಿ ಒಬ್ಬರಿಗೆ ಹುಳವಾದರೆ ಎಲ್ಲರೂ ಒಂದೇ ದಿನ ತೆಗೆದುಕೊಳ್ಳಬೇಕು ಎಂದು ಡಾಕ್ಟರಮ್ಮ ನಾಲ್ವರ ವಯಸ್ಸನ್ನೂ, ನಮ್ಮ ಯಜಮಾನರ ಬೀಪಿ ಮಾತ್ರೆಯ ಹೆಸರನ್ನೂ ಕೇಳಿಕೊಂಡು ಬರೆದುಕೊಟ್ಟಿದ್ದರು. ಹುಳ ಹತ್ತಿದ್ದು ಇಂಚರಳಿಗೆ. ಅವಳು ನನ್ನ ಚಿಕ್ಕಪ್ಪನ ಮಗಳು ಸುಮಳ ಮಗಳು. ಕೆಂಗೇರಿಯ ಅವರ ಮನೆಯಲ್ಲಿ ನೆಲ ಕಿತ್ತು ಹೊಸದು ಹಾಕಿಸುತ್ತಿರುವುದರಿಂದ ತಾಯಿ ಮಗಳು ಒಂದು ತಿಂಗಳಿಂದ ನಮ್ಮಲ್ಲೇ ಇದ್ದಾರೆ. ಸಂಜೆ ಮೇಜಿನ ಮೇಲೆ ಮಾತ್ರೆಗಳನ್ನಿಟ್ಟು ಒಂದರ ಹಾಳೆ ಹರಿದೆ ನೋಡಿ, ಕಿತ್ತಳೆಹಣ್ಣಿನದಲ್ಲದ ಕಿತ್ತಳೆ ವಾಸನೆ, ಸೀಮೆಸುಣ್ಣದ ಜೊತೆ ಪೆಪ್ಪರಮೆಂಟು ಅರೆದಂಥದ್ದು, ಮೂಗಿಗೆ ಬಂತು. ಆ ವಾಸನೆಯನ್ನು ನಾನು ಮೊದಲು ಕಂಡದ್ದು ಚಿಕ್ಕವಳಿದ್ದಾಗ.

ಆಗ ನಾನು ಮೂರನೇ ಕ್ಲಾಸು. ನಮ್ಮ ಮನೆ ಅತ್ತಿಗುಪ್ಪೆಯಲ್ಲಿತ್ತು. ಸುತ್ತಲಿನ ರಾಗಿ ಹೊಲಗಳೆಲ್ಲ ಸೈಟುಗಳಾಗಿ ವಿಜಯನಗರವೆಂದೂ ಆರ್‌ಪಿಸಿ ಲೇಔಟ್ ಎಂದೂ ಹೆಸರಿಟ್ಟುಕೊಂಡಿದ್ದರೂ ನಮ್ಮದು ಮಾತ್ರ ಹಂಚಿನ ಮಾಡು, ಪಕ್ಕದಲ್ಲಿ ಕೊಟ್ಟಿಗೆ, ಎರಡು ಎಮ್ಮೆ, ಸಗಣಿ ಸಾರಿಸಿದ ಹಿತ್ತಿಲು. ಮನೆಗೆ ಕಾಲಿಟ್ಟರೆ ಮೊದಲು ಹಿಂಡಿಯ ವಾಸನೆ, ಆಮೇಲೆ ಹೊಗೆಯದು, ಆಮೇಲೆ ಅಜ್ಜಿಯ ಎಲೆಯಡಿಕೆಯದು. ಅಪ್ಪ, ಅಮ್ಮ, ನಾನು, ನನ್ನಣ್ಣ, ಚಿಕ್ಕಪ್ಪ, ಜಯ ಚಿಕ್ಕಮ್ಮ, ಎಲ್ಲರ ಮೇಲೆ ಅಜ್ಜಿ. ಅಜ್ಜಿಯ ಮಾತು ಮೀರಿದವರನ್ನು ನಾನು ಆ ಮನೆಯಲ್ಲಿ ಕಂಡಿರಲಿಲ್ಲ, ಎಮ್ಮೆಗಳನ್ನು ಬಿಟ್ಟು. ಶಾಲೆಗೆ ರಜ ಬಂತೆಂದರೆ ಮೊದಲ ಭಾನುವಾರ ಹರಳೆಣ್ಣೆ. ನಿಮ್ಮ ಮನೆಯಲ್ಲೂ ಇದ್ದಿರಬಹುದು ಆ ಸಾಲು: ಮಕ್ಕಳು ಮೂಗು ಹಿಡಿದು ನಿಲ್ಲುವುದು, ಒಂದು ಒಳಲೆ ಎಣ್ಣೆ, ಮೇಲೊಂದು ಚೂರು ಬೆಲ್ಲ. ಆ ವರ್ಷ ಎಣ್ಣೆ ಕುಡಿದರೂ ನನ್ನ ತುರಿಕೆ ನಿಲ್ಲಲಿಲ್ಲ. ಹಾಸಿಗೆಯಲ್ಲಿ ಹೊರಳಾಡುತ್ತಿದ್ದೆ, ಕ್ಲಾಸಿನಲ್ಲಿ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಜ್ಜಿ ಕೊನೆಗೆ ನನ್ನ ಕೈ ಹಿಡಿದು ಮೇನ್ ರೋಡಿನ ಡಾಕ್ಟರ ಹತ್ತಿರ ಕರೆದೊಯ್ದಳು.

ಡಾಕ್ಟರು ನನ್ನ ಉಗುರು ನೋಡಿ, ಒಂದೆರಡು ಪ್ರಶ್ನೆ ಕೇಳಿ, ದಾರದೆಳೆಯಂಥ ಬಿಳಿ ಹುಳುಗಳು ಹೊಟ್ಟೆಯೊಳಗೆ ಮನೆ ಮಾಡಿವೆ ಎಂದರು. ನನಗೆ ಅಸಹ್ಯಕ್ಕಿಂತ ಕುತೂಹಲವೇ ಹೆಚ್ಚಾಯಿತು. ನನ್ನೊಳಗೆ ನನಗೆ ಗೊತ್ತಿಲ್ಲದ ಒಂದು ಸಂಸಾರ. ಅವಕ್ಕೆ ಕಣ್ಣಿದೆಯೇ? ಒಳಗೆ ಕತ್ತಲಲ್ಲವೇ? ಹೊರಗೆ ಬಂದಾಗ ನೋಡಬಹುದೇ? ಮನೆಮಂದಿಯೆಲ್ಲ ಒಂದೇ ದಿನ ತಲೆಗೊಂದು ಮಾತ್ರೆ ಅಗಿದು ತಿನ್ನಬೇಕು, ಹದಿನೈದು ದಿನ ಬಿಟ್ಟು ಇನ್ನೊಂದು ಸಲ, ನಡುವೆ ತಮಗೆ ತೋಚಿದಂತೆ ಒಂದೂ ಹೆಚ್ಚು ತಿನ್ನಬಾರದು ಎಂದು ಹೇಳಿ, ಬರೆಯುವುದನ್ನು ನಿಲ್ಲಿಸಿ, ಮನೆಯಲ್ಲಿ ಎರಡು ವರ್ಷದೊಳಗಿನ ಮಗು ಇದೆಯೇ, ಬಸುರಿಯರು ಯಾರಾದರೂ ಇದ್ದಾರೆಯೇ ಎಂದು ಅವರು ವಿಚಾರಿಸಿದರು.

"ಯಾರೂ ಇಲ್ಲ ಸ್ವಾಮಿ," ಎಂದಳು ಅಜ್ಜಿ. "ಇದ್ರೆ ನನ್ಗೆ ಗೊತ್ತಾಗ್ದೆ ಇರುತ್ತಾ?"

ಅವಳು ಹಾಗೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹುಳಕ್ಕೂ ಬಸುರಿಗೂ ಏನು ಸಂಬಂಧವೆಂದು ದಾರಿಯುದ್ದಕ್ಕೂ ನಾನು ಕೇಳಿದ್ದಕ್ಕೆ, ಡಾಕ್ಟರೆಂದ ಮೇಲೆ ಏನಾದರೊಂದು ಕೇಳುತ್ತಾರೆ, ಸುಮ್ಮನೆ ನಡಿ ಎಂದಳು.

ಜಯ ಚಿಕ್ಕಮ್ಮನ ವಿಷಯ ನಾನು ಹೇಳಲೇಬೇಕು. ಮದುವೆಯಾಗಿ ಬಂದ ನಾಲ್ಕು ವರ್ಷದಲ್ಲಿ ಎರಡು ಸಲ ಅವಳ ಬಸುರು ನಿಂತು ನಿಲ್ಲದೆ ಹೋಗಿತ್ತು. ಎರಡು ಸಲವೂ ಸುದ್ದಿ ಮೊದಲು ಬೀದಿಗೆ ಗೊತ್ತಾಗಿ, ಬೀದಿಯವರೆಲ್ಲ ಹಣ್ಣು ಹೂ ತಂದು ಕೊಟ್ಟು, ಆಮೇಲೆ ಅದೇ ಹೆಂಗಸರು ಕಣ್ಣೊರೆಸಿಕೊಂಡು ಬಂದು ಹೋಗಿದ್ದರು. ಎರಡನೆಯ ಸಲ ಅಜ್ಜಿ ಬಾಗಿಲು ಹಾಕಿಕೊಂಡು ಸೊಸೆಗೆ ಹೇಳಿದ್ದಳಂತೆ: ದೃಷ್ಟಿ ಕೆಟ್ಟದ್ದು, ಇನ್ನೊಂದು ಸಲ ದೇವರು ಕೊಟ್ಟರೆ ಮೂರು ತಿಂಗಳು ತುಂಬುವ ತನಕ ಬಾಯಿ ಬಿಡಬೇಡ, ಗಂಡನಿಗೂ ಬೇಡ, ನನಗೂ ಬೇಡ. ಚಿಕ್ಕಮ್ಮ ಅದನ್ನು ಅಕ್ಷರಶಃ ಪಾಲಿಸುತ್ತಿದ್ದಳು. ಅದು ಎರಡನೆಯ ತಿಂಗಳು. ಬೆಳಗ್ಗೆ ಕೊಟ್ಟಿಗೆಯ ಹಿಂದೆ ಹೋಗಿ ವಾಂತಿ ಮಾಡಿ ಮುಖ ತೊಳೆದು ಬಂದು ಹಾಲು ಕರೆಯಲು ಕೂರುತ್ತಿದ್ದಳು. ಎರಡು ಸಲ ಕಳೆದುಕೊಂಡ ಮೇಲೆ ಯಾವ ಮಾತ್ರೆಯನ್ನೂ ಬಾಯಿಗಿಡಲು ಹೆದರುತ್ತಿದ್ದಳು. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅವಳ ಬಾಯಿಂದಲೇ.

ಆ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ನಡುಮನೆಯಲ್ಲಿ ಕೂತು ಹರಳೆಣ್ಣೆಯ ಸಾಲನ್ನೇ ಮಾಡಿಸಿದಳು. ಮಾತ್ರೆ ಕೈಗಿಟ್ಟು, ಅಗಿಸಿ, ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡುತ್ತಿದ್ದಳು. ಚಿಕ್ಕಪ್ಪ ಹಸುವಿನಂತೆ ಬಾಯಿ ತೆರೆದು ನಗಿಸಿದ. ನಾನು ಅಗಿದೆ, ಎಣ್ಣೆಯ ಎದುರು ಅದು ಹಬ್ಬದ ಸಿಹಿಯಂತಿತ್ತು. ಕೊನೆಗೆ ಚಿಕ್ಕಮ್ಮನ ಸರದಿ. ಅವಳು ಮಾತ್ರೆಯನ್ನು ಅಂಗೈಯಲ್ಲಿ ಹಿಡಿದು, ಹಾಲು ಉಕ್ಕುತ್ತಿದೆ ಎಂದು ಅಡುಗೆಮನೆಗೆ ಓಡಿದಳು. ನಾನು ನೀರು ಕುಡಿಯಲು ಹಿಂದೆಯೇ ಹೋದೆ. ಹಾಲು ಉಕ್ಕುತ್ತಿರಲಿಲ್ಲ. ಒಗ್ಗರಣೆ ಡಬ್ಬಿಯ ಮುಚ್ಚಳ ತೆಗೆದು, ಸಾಸಿವೆಯ ಬಟ್ಟಲಲ್ಲಿ ಬೆರಳಿಂದ ಗುಳಿ ಮಾಡಿ, ಮಾತ್ರೆಯನ್ನು ಅದರೊಳಗೆ ಹುದುಗಿಸಿ, ಮೇಲೆ ಸಾಸಿವೆ ಎಳೆದಳು. ಆಮೇಲೆ ಬಾಯಿ ಒರೆಸಿಕೊಂಡು ಹೊರಗೆ ಹೋಗಿ ಆಯಿತು ಎಂದಳು. ಅಜ್ಜಿ ನಂಬಿದಳು, ದೊಡ್ಡವಳ ನಾಲಿಗೆ ಎತ್ತಿಸಲು ಅವಳಿಗೂ ಸಂಕೋಚವಾಗಿರಬೇಕು.

ಚಿಕ್ಕಮ್ಮ ಒಣಗಿದ ಬಟ್ಟೆ ತರಲು ಹಿತ್ತಿಲಿಗೆ ಹೋದಳು. ನಾನು ಡಬ್ಬಿಯ ಮುಂದೆ ನಿಂತೆ. ಇಷ್ಟು ಸಿಹಿಯಾದದ್ದನ್ನು ಯಾಕೆ ಬಚ್ಚಿಟ್ಟಳು? ನಾಳೆ ತಿನ್ನಲೆಂದೇ? ಇನ್ನೊಂದು ಯೋಚನೆಯೂ ಬಂತು, ಅದೇ ಗೆದ್ದಿತು: ಒಂದು ಮಾತ್ರೆಗೆ ಹುಳ ಹೊರಗೆ ಬರುವುದಾದರೆ ಎರಡಕ್ಕೆ ಬೇಗ ಬರಬೇಕು, ಬೆಳಗ್ಗೆ ಶಾಲೆಗೆ ಹೋಗುವ ಮೊದಲೇ ನೋಡಿಬಿಡಬಹುದು. ಡಾಕ್ಟರು ಹೆಚ್ಚು ತಿನ್ನಬಾರದು ಎಂದಿದ್ದು ನೆನಪಿತ್ತು. ಆದರೆ ಅದು ದೊಡ್ಡವರಿಗೆ ಹೇಳಿದ್ದು ಎಂದುಕೊಂಡೆ. ಸಾಸಿವೆ ಕಾಳು ಊದಿ ತಿಂದೆ.

ಸಾರಿಗೆ ಒಗ್ಗರಣೆ ಹಾಕಲು ಚಿಕ್ಕಮ್ಮ ಡಬ್ಬಿ ತೆಗೆದಳು. ಎಣ್ಣೆ ಕಾಯುತ್ತಿತ್ತು. ಬೆರಳಾಡಿಸಿದಳು, ಇನ್ನೊಮ್ಮೆ ಆಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಬಗ್ಗಿ, ನನ್ನ ಬಾಯಿಯ ವಾಸನೆ ನೋಡಿದಳು.

"ತಿಂದ್ಯಾ?"

"ಹೂಂ."

"ನಿನ್ದು ತಿಂದ್ಮೇಲೆ ಇದ್ನೂ ತಿಂದ್ಯಾ ಮಗಾ?"

"ಎರಡು ತಿಂದ್ರೆ ಹುಳ ಬೇಗ ಬರುತ್ತೆ ಅಂತ," ಎಂದೆ. ಅವಳ ಮುಖ ನೋಡಿ ಭಯವಾಗಿ, "ನಾನು ಯಾರ್ಗೂ ಹೇಳಲ್ಲ ಚಿಕ್ಕಮ್ಮ," ಎಂದೂ ಸೇರಿಸಿದೆ.

ಈಗಲೂ ಆ ಗಳಿಗೆಯನ್ನು ನಾನು ತಿರುಗಿಸಿ ನೋಡುತ್ತಿರುತ್ತೇನೆ. ನಾನು ಹೇಳುತ್ತಿರಲಿಲ್ಲ. ಅವಳೂ ಸುಮ್ಮನಿರಬಹುದಿತ್ತು. ಬಾಯಿ ಬಿಟ್ಟರೆ ಈ ಸಲವೂ ನಿಲ್ಲುವುದಿಲ್ಲ ಎಂಬ ಹೆದರಿಕೆ ಅವಳ ಮೈಯಲ್ಲೆಲ್ಲ ಇತ್ತು. ಆ ಹೆದರಿಕೆಯನ್ನು ಅವಳೊಳಗೆ ಬಿತ್ತಿದವಳು ನಡುಮನೆಯಲ್ಲೇ ಕೂತಿದ್ದಳು. ಇನ್ನೊಂದು ಕಡೆ ನಾನು, ಬೇರೆಯವರು ಹೆತ್ತ ಮಗು, ಎರಡು ಮಾತ್ರೆ ತಿಂದು ನಿಂತಿದ್ದೆ. ಅವಳು ಕಾದ ಎಣ್ಣೆಯನ್ನು ಕೆಳಗಿಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ನನ್ನ ರಟ್ಟೆ ಹಿಡಿದು ನಡುಮನೆಗೆ ಬಂದಳು. ಗಂಡಸರಿಬ್ಬರೂ ಅಲ್ಲೇ ಇದ್ದರು.

"ಅತ್ತೆ, ಇವ್ಳು ಎರಡು ಮಾತ್ರೆ ತಿಂದವ್ಳೆ. ಇನ್ನೊಂದು ನನ್ದು."

"ನೀನು ತಿನ್ಲಿಲ್ವಾ?"

"ನಾನು ತಿನ್ನಂಗಿರ್ಲಿಲ್ಲ ಅತ್ತೆ."

ಅಜ್ಜಿಯ ಕೈಯಲ್ಲಿದ್ದ ಎಲೆ ಹಾಗೇ ಉಳಿಯಿತು. ಅವಳು ಸೊಸೆಯ ಮುಖ ನೋಡಿದಳು, ಆಮೇಲೆ ಹೊಟ್ಟೆ, ಆಮೇಲೆ ನೆಲ. ಬೈಗುಳ ಬರುತ್ತದೆಂದು ನಾನು ಕಾದೆ. ಅವಳು ಎದ್ದು ಚಪ್ಪಲಿ ಮೆಟ್ಟಿ, ಒಂದು ಕೈಯಲ್ಲಿ ನನ್ನನ್ನೂ ಇನ್ನೊಂದರಲ್ಲಿ ಚಿಕ್ಕಮ್ಮನನ್ನೂ ಹಿಡಿದು ನಡೆದೇಬಿಟ್ಟಳು. ಕ್ಲಿನಿಕ್ಕಿನ ಬಾಗಿಲು ಇನ್ನೂ ತೆರೆದಿತ್ತು.

ಡಾಕ್ಟರು ನನ್ನ ಹೊಟ್ಟೆ ಒತ್ತಿ ನೋಡಿ, ಈ ವಯಸ್ಸಿಗೆ ಒಂದು ಹೆಚ್ಚಾದದ್ದರಿಂದ ದೊಡ್ಡ ಅಪಾಯವಿಲ್ಲ, ಹೊಟ್ಟೆ ನುಲಿಯಬಹುದು, ವಾಂತಿ ಜಾಸ್ತಿಯಾದರೆ ಕರೆತನ್ನಿ ಎಂದರು. ಚಿಕ್ಕಮ್ಮ ತಿನ್ನದೆ ಇದ್ದದ್ದು ಒಳ್ಳೆಯದೇ ಆಯಿತು, ಈ ತಿಂಗಳುಗಳಲ್ಲಿ ತಲೆನೋವಿನ ಮಾತ್ರೆಯನ್ನೂ ಕೇಳದೆ ನುಂಗಬಾರದು, ಆದರೆ ಮಕ್ಕಳ ಕೈಗೆ ಸಿಗುವಲ್ಲಿ ಬಚ್ಚಿಟ್ಟದ್ದು ತಪ್ಪು ಎಂದರು. ಯಾಕೆ ಮೊದಲೇ ಹೇಳಲಿಲ್ಲವೆಂದು ಅವರು ಚಿಕ್ಕಮ್ಮನನ್ನು ಕೇಳಿದರು. ಉತ್ತರ ಕೊಟ್ಟವಳು ಅಜ್ಜಿ.

"ನಾನೇ ಹೇಳ್ಬೇಡ ಅಂದಿದ್ದೆ ಸ್ವಾಮಿ. ತಪ್ಪು ನಂದು."

ಆ ಹೆಂಗಸು ತಪ್ಪೊಪ್ಪಿದ್ದನ್ನು ನಾನು ಕೇಳಿದ್ದು ಜೀವನದಲ್ಲಿ ಅದೊಂದೇ ಸಲ. ಡಾಕ್ಟರು ನಗಲಿಲ್ಲ. "ಊರಿಗೆ ಹೇಳ್ಬೇಡಿ ಅಜ್ಜಿ, ನಾನೇನೂ ಅನ್ನಲ್ಲ," ಎಂದರು. "ಮಾತ್ರೆ ಕೊಡೋರಿಗೆ ಮಾತ್ರ ಹೇಳ್ಲೇಬೇಕು."

ಮನೆಗೆ ಬಂದಾಗ ಅಮ್ಮ ಒಗ್ಗರಣೆ ಮುಗಿಸಿದ್ದಳು. ಅಜ್ಜಿ ಸೊಸೆಗೆ ಮೊದಲು ಬಡಿಸಿ, ಎಂಟು ಗಂಟೆಗೇ ಚಾಪೆ ಹಾಸಿ, "ಮುಸುರೆ ನಾನು ತಿಕ್ತೀನಿ, ನೀನು ಮಲಕ್ಕೊ," ಎಂದಳು. ನನ್ನ ಹೊಟ್ಟೆ ಸ್ವಲ್ಪ ನುಲಿಯಿತು. ಹುಳ ಮಾತ್ರ ಕಾಣಲಿಲ್ಲ; ಬೆಳಗ್ಗೆ ಎಷ್ಟು ಹುಡುಕಿದೆನೆಂದು ಇಲ್ಲಿ ಬರೆಯುವುದು ಬೇಡ.

ಹದಿನೈದು ದಿನದ ಮೇಲೆ ಎರಡನೆಯ ಮಾತ್ರೆಯ ದಿನ ಅಜ್ಜಿ ಸಾಲು ಮಾಡಿಸಲಿಲ್ಲ. ಒಬ್ಬೊಬ್ಬರನ್ನೇ ಕೋಣೆಗೆ ಕರೆದು, ಕಿವಿಯ ಹತ್ತಿರ ಬಗ್ಗಿ, ಏನಾದರೂ ಹೇಳುವುದಿದೆಯಾ ಎಂದು ಕೇಳಿ ಕೊಟ್ಟಳು. ಚಿಕ್ಕಪ್ಪ, ನನ್ನನ್ನೂ ಬಸುರಿಯಾ ಅಂತ ಕೇಳುತ್ತೀಯಾ ಅವ್ವ ಎಂದು ರೇಗಿಸಿದರೆ, ನಿನ್ನ ಹೊಟ್ಟೆ ನೋಡಿದರೆ ಕೇಳಬೇಕು ಅನ್ನಿಸುತ್ತದೆ ಎಂದಳಂತೆ. ಉಳಿದ ಒಂದು ಮಾತ್ರೆಯನ್ನು ಕ್ಲಿನಿಕ್ಕಿಗೇ ಹಿಂದಿರುಗಿಸಿ ಬಂದಳು. ಮೂರು ತುಂಬಿತು, ಐದು ತುಂಬಿತು, ಒಂಬತ್ತೂ ತುಂಬಿತು. ಸುಮ ಹುಟ್ಟಿದಳು.

ಆ ಮನೆ ಈಗಿಲ್ಲ. ಕೊಟ್ಟಿಗೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ, ಮೇಲೆ ಮೂರು ಅಂತಸ್ತು. ಅಜ್ಜಿ ಹೋಗಿ ಬಹಳ ವರ್ಷವಾಯಿತು, ಜಯ ಚಿಕ್ಕಮ್ಮ ಮೊನ್ನೆ ಮೊನ್ನೆ ಎನ್ನುವ ಹಾಗೆ ಹೋದಳು. ಅವಳ ಒಗ್ಗರಣೆ ಡಬ್ಬಿ ನನ್ನ ಅಡುಗೆಮನೆಯಲ್ಲಿದೆ. ಸಾಸಿವೆಗೆ ಬೆರಳಿಟ್ಟಾಗಲೆಲ್ಲ ಗಟ್ಟಿಯಾದದ್ದೇನಾದರೂ ತಾಗೀತೆಂದು ಇಂದಿಗೂ ಒಂದು ಕ್ಷಣ ತಡೆಯುತ್ತೇನೆ.

ಸಂಜೆ ಸುಮಳನ್ನು ಕೋಣೆಗೆ ಕರೆದು ಕಿವಿಯಲ್ಲಿ ಕೇಳಿದೆ. "ನಲವತ್ತು ದಾಟ್ತು ಅಕ್ಕ ನಂಗೆ," ಎಂದು ನಕ್ಕು, ಆಮೇಲೆ ನಗು ನಿಲ್ಲಿಸಿ, ಇಲ್ಲ ಎಂದು ಸರಿಯಾಗಿಯೇ ಹೇಳಿದಳು. ಕತೆ ಅವಳಿಗೂ ಗೊತ್ತು. ಇಂಚರ ಅಗಿದು ನುಂಗಿ, ನಾಳೆ ಹುಳ ಕಾಣಿಸುತ್ತದಾ ದೊಡ್ಡಮ್ಮ ಎಂದು ಕೇಳಿದಳು. ಕಾಣಿಸಲಿಕ್ಕಿಲ್ಲ, ನಾನೂ ನೋಡಿಲ್ಲ ಎಂದೆ. ಎರಡನೆಯ ಸಲದ ಮಾತ್ರೆಗಳನ್ನು ಬೀರುವಿನ ಮೇಲಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ.

ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ಕೊನೆಗೆ ಮಜ್ಜಿಗೆ ಉಂಡೆವು. ಬಿಸಿಲಿನ ವಾಸನೆಯ ಹೊದಿಕೆಗಳನ್ನು ಹಾಸಿದೆ. ಆ ಮನೆಯಲ್ಲಿ ಜಯ ಚಿಕ್ಕಮ್ಮ ಯಾವತ್ತೂ ಎಲ್ಲರಿಗಿಂತ ಕೊನೆಗೆ ಮಲಗುತ್ತಿದ್ದಳು, ಹಾಲಿಗೆ ಹೆಪ್ಪು ಹಾಕಿ, ಅಗುಳಿ ಹಾಕಿ; ನಾನು ಕಂಡಂತೆ ಅವಳು ಮೊದಲು ಮಲಗಿದ್ದು ಆ ಒಂದು ದಿನ. ಇವತ್ತು ಹೆಪ್ಪು ಹಾಕಿದ್ದು ನಾನು. ಕೈ ತೊಳೆದು ಬರುವಷ್ಟರಲ್ಲಿ ಇಂಚರ ಇನ್ನೂ ಕಣ್ಣು ಬಿಟ್ಟುಕೊಂಡು ಹುಳದ ಯೋಚನೆಯಲ್ಲಿದ್ದಳು. ಅವಳ ಪಕ್ಕದಲ್ಲಿ ಸುಮಳಿಗೆ ಆಗಲೇ ನಿದ್ದೆ ಹತ್ತಿತ್ತು.