ದವಾಕ್ಕೂ ಕೈ ಇರುತ್ತವಂತೆ

ಮೊನ್ನೆ ಬೀದರಿನ ದವಾಖಾನೆಯಲ್ಲಿ ನರ್ಸಮ್ಮ ರಕ್ತ ತೆಗೆಯಲು ನನ್ನ ತೋಳಿಗೆ ಸ್ಪಿರಿಟ್ ಹಚ್ಚಿದಳು. ಆ ವಾಸನೆ ಮೂಗಿಗೆ ಬಡಿದದ್ದೇ, ಚಿಂತಾಕಿಯ ಮನೆಯಲ್ಲಿ ಸೊಸೆ ಕಮಲ ಸೂಜಿಗಾಗಿ ಹೊಟ್ಟೆಯ ಚರ್ಮ ಚಿವುಟಿ ಹಿಡಿದು ಕೂತಿದ್ದು ನೆನಪಾಯಿತು. ನಾನು ಓದಿದ್ದು ಎರಡನೇ ಇಯತ್ತೆ. ಹೇಳುವುದರಲ್ಲಿ ಹೆಚ್ಚುಕಡಿಮೆಯಾದರೆ ನೀವೇ ಸರಿಮಾಡಿಕೊಳ್ಳಿ. ನನಗಂತೂ ಇವತ್ತಿಗೂ ಪೂರ್ತಿ ತಿಳಿದಿಲ್ಲ.

ಮಳೆ ಹೋದ ವರ್ಷಗಳವು. ನಮ್ಮ ಔರಾದ ಕಡೆಯ ಜನ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಿದ್ದರು. ಗಂಡ ಹೆಂಡತಿ ಸೇರಿದರೆ ಒಂದು ಕೊಯ್ತಾ, ಅಂದರೆ ಒಂದು ಕತ್ತಿ, ಎಂದು ಲೆಕ್ಕ. ಅವನು ಕಡಿಯಬೇಕು, ಅವಳು ಕಟ್ಟಬೇಕು. ಆಳು ಒಯ್ಯಲು ಭಾಲ್ಕಿಯಿಂದ ಬಂದ ಮುಕಾದಮ ಕಮಲಳ ಬಾತ ಬೆರಳು ನೋಡಿ ನನ್ನ ಮಗನಿಗೆ ಅಂದ: "ನಿಂದ್ ಅರ್ಧಾ ಕೊಯ್ತಾ ಆತಲ್ಲೋ. ಮನ್ಯಾಗೇ ಕೂಡು."

ಕೀಲುಬೇನೆ. ಹೈದರಾಬಾದಿನ ದೊಡ್ಡ ದವಾಖಾನೆಯವರು ಹೊಸ ಬಗೆಯ ಸೂಜಿ ಕೊಟ್ಟರು. ಥಂಡಿಯಲ್ಲಿಡಬೇಕು. ನಮ್ಮಲ್ಲಿ ಫ್ರಿಜ್ ಎಲ್ಲಿ? ಕಿರಾಣಿ ಅಂಗಡಿಯ ಫ್ರಿಜ್ಜಿನಲ್ಲಿ ಸೋಡಾ ಬಾಟಲಿಗಳ ನಡುವೆ ಇಟ್ಟೆವು. ಮೊದಮೊದಲು ಕಮಲ ರೊಟ್ಟಿ ಬಡಿದಳು. ಆಮೇಲೆ ಬೆರಳು ಮತ್ತೆ ಬಾತವು. ಫ್ರಿಜ್ಜಿನಲ್ಲಿ ಔಷಧ ಕೆಟ್ಟಿತೆಂದು ನಾನು ಅಂಗಡಿಯವನ ಮೇಲೆ ಹರಿಹಾಯ್ದೆ.

"ಫ್ರಿಜ್ಜಿಗ್ಯಾಕ ಬೈತಿ ಆಯಿ? ಅದು ಥಂಡಗೇ ಅದ. ಸುಡೋದು ನಿನ್ ಬಾಯಿ."

ರಕ್ತ ಪರೀಕ್ಷೆಯಲ್ಲಿ ಔಷಧ ಬೇಕಾದಷ್ಟಿದೆ ಎಂದು ಬಂತು. ಇದ್ದರೆ ಯಾಕೆ ನಾಟುವುದಿಲ್ಲ? ನನ್ನ ಮಗಳ ಮಗಳು ಸುನೀತಾ ಹೈದರಾಬಾದಿನ ಲ್ಯಾಬಿನಲ್ಲಿ ಇಂಥ ಔಷಧವನ್ನೇ ಅಳೆಯುವ ಹೊಸ ಪರೀಕ್ಷೆ ಸಿದ್ಧಮಾಡುತ್ತಿದ್ದಳು. ಅವಳನ್ನು ಕೇಳಿದೆ.

"ಆಯಿ, ಮುಕಾದಮ ಮನ್ಯಾಗ ತಲಿ ಎಷ್ಟಂತ ಕೇಳ್ತಾನೇನು?"

"ಯಾಕ ಕೇಳ್ತಾನ? ಕೆಲಸದ ಕೈ ಎಷ್ಟಂತ ಕೇಳ್ತಾನ."

"ಹಳೀ ಪರೀಕ್ಷಿ ದವಾದ ತಲಿ ಎಣಿಸ್ತದ. ನಮ್ಮದು ಖಾಲಿ ಇದ್ದ ಕೈ ಎಣಿಸ್ತದ. ಬೇನಿ ಎಬ್ಬಿಸೋ ವಸ್ತು ಪ್ಲೇಟಿಗಿ ಅಂಟಿಸಿಡ್ತೇವಿ. ಕೈ ಖಾಲಿ ಇದ್ದ ದವಾ ಅದನ್ನ ಹಿಡ್ಕೋತದ, ಉಳದದ್ದು ತೊಳದು ಹೋಗ್ತದ. ಹಿಡ್ಕೊಂಡಿದ್ದಕ್ಕ ಮ್ಯಾಲಿಂದ ಇನ್ನೊಂದು ಪ್ರತಿಕಾಯ, ಅಂದ್ರ ದವಾದಂಗೇ ಹಿಡಿಯೋ ವಸ್ತು, ಹಾಕಿದ್ರ ಬಣ್ಣ ಬರ್ತದ."

ಡಾಕ್ಟರು ಕಮಲಳ ರಕ್ತ ಅಲ್ಲಿಗೂ ಕಳಿಸಿದರು. ಬಣ್ಣ ಬರಲಿಲ್ಲ.

"ದವಾದ ಕೈ ಕಟ್ಟಿದವರ್ಯಾರ?" ಅಂದೆ.

"ಮಾಮಿ ಮೈಯೇ. ಹೊರಗಿನವ ಬಂದಾನಂತ ತಿಳದು ಗಟ್ಟಿ ಹಿಡದದ."

ಇಲ್ಲಿಗೆ ನನ್ನ ತಲೆ ನಿಂತಿತು. ಮೈ ಅವಳದು, ಬೇನೆ ಅವಳದು, ವಾಸಿ ಮಾಡಲು ಬಂದವನ ಕೈ ಕಟ್ಟುವ ಬುದ್ಧಿಯೂ ಅದೇ ಮೈಯದೇ? ಕಮಲಳನ್ನೇ ಕೇಳಿದೆ.

"ನನಗೇನ್ ಕೇಳ್ತೀರಿ ಅತ್ತಿ? ನಾ ಏನ್ ಹೇಳಿ ಕಟ್ಟಿಸೀನೇನು?"

ಡಾಕ್ಟರು ಬೇರೆ ಔಷಧದ ಸೂಜಿ ಕೊಟ್ಟರು. ಬಾವು ಇಳಿಯಿತು. ಮುಂದಿನ ಸಲ ಮುಕಾದಮ ಬಂದಾಗ ಕಮಲ ಅವನೆದುರು ಮುಷ್ಟಿ ಬಿಗಿದು ಬಿಚ್ಚಿ ತೋರಿಸಿದಳು.

"ಪೂರಾ ಕೊಯ್ತಾ!" ಅಂದ.

"ಹೌದ್ರಿ. ಖರೇ ನಾ ಬರಂಗಿಲ್ಲ," ಅಂದಳು. ಕಬ್ಬಿನ ಕೂಲಿ ಬಿಟ್ಟು ನಾವೆಲ್ಲ ಬೀದರಿಗೆ ಬಂದೆವು.

ಮೊನ್ನೆ ನರ್ಸಮ್ಮ ನನ್ನ ರಕ್ತ ಪರೀಕ್ಷೆಯ ಚೀಟಿ ನೋಡಿ, "ಎಲ್ಲಾ ಬರೋಬ್ಬರ್ ಅದ ಆಯಿ, ರಕ್ತನೂ ಭರ್ತಿ ಅದ," ಅಂದಳು. ಮೊದಲಾಗಿದ್ದರೆ ಎದ್ದು ಬಂದುಬಿಡುತ್ತಿದ್ದೆ.

"ಅದ ಅಂಬೋದು ತಿಳೀತವ್ವ. ಕೆಲಸ ಮಾಡ್ಲತ್ತದೇನು?"

ಅವಳು ಚೀಟಿ ತೆಗೆದುಕೊಂಡು ಡಾಕ್ಟರ ಕೋಣೆಗೆ ಹೋದಳು. ನಾನು ಕೂತೇ ಇದ್ದೆ.